ನಾಲ್ಕು ಕಪ್, ನಾಲ್ಕೂ ಬಂಗಾಳದ ಎದುರು: ಮೈಸೂರು ಫುಟ್‌ಬಾಲ್‌ಗೆ ಸಂಬಳ ಕೊಟ್ಟವರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ದುರ್ಗಿಗುಡಿಯ ನಮ್ಮ ಪುಟ್ಟ ರೂಮಿನಿಂದ ಮತ್ತೊಂದು ಸಂಚಿಕೆ. ಮಧ್ಯೆ ಸ್ಕೂಟರ್ ಹಾರ್ನ್ ಕೇಳಿಸಿದ್ರೆ ಸಹಿಸ್ಕೊಳ್ಳಿ. ಸಂಜೆ ಹೊತ್ತು ಈ ರಸ್ತೆಯಲ್ಲಿ ಸದ್ದಿಲ್ಲದೆ ರೆಕಾರ್ಡ್ ಮಾಡೋದು ಆಗದ ಮಾತು.

ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಬಿ.ಕಾಂ ಓದಿದವನಿಗೆ ಇನ್ನೇನು ಬರುತ್ತೆ ಹೇಳಿ. ರಾಜ್ಯ ರಾಜ್ಯಗಳ ನಡುವೆ ನಡೆಯೋ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ. ನಮ್ಮ ರಾಜ್ಯ 'ಮೈಸೂರು' ಅನ್ನೋ ಹೆಸರಲ್ಲಿ ಅದನ್ನ ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. ಈ ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಒಂದೇ ತಂಡ, ಬಂಗಾಳ. ಇನ್ನೂ ಇದೆ. 1953-54, 1955-56, 1962-63ರಲ್ಲಿ ಮೈಸೂರು ಫೈನಲ್‌ಗೆ ಬಂದು ಸೋತಿತು. ಅವತ್ತೂ ಎದುರಿಗೆ ಬಂಗಾಳವೇ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಏಳು ಫೈನಲ್, ಏಳೂ ಒಂದೇ ತಂಡದ ಮೇಲೆ.

ಕಲ್ಕತ್ತ ಅಂದ್ರೆ ಭಾರತದ ಫುಟ್‌ಬಾಲಿನ ರಾಜಧಾನಿ ಅಂತ ಎಲ್ರಿಗೂ ಗೊತ್ತು. ಅದರ ಎದುರು ಸರಿಸಮ ನಿಂತು ನಾಲ್ಕು ಸಲ ಕಪ್ ಕಿತ್ಕೊಂಡ ರಾಜ್ಯ ನಮ್ಮದು ಅನ್ನೋದು ಮಾತ್ರ ನಮಗೇ ಮರೆತುಹೋಗಿದೆ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ಒಬ್ಬ ಕೇಳುಗ. ಭದ್ರಾವತಿ ಹುಡುಗ, ಶಿವಮೊಗ್ಗದಲ್ಲಿ ಡಿಗ್ರಿ ಓದ್ತಿದ್ದಾನೆ, ಕಾಲೇಜು ಟೀಮಿನಲ್ಲಿ ಆಡ್ತಾನೆ. ವಾಯ್ಸ್ ನೋಟ್‌ನಲ್ಲಿ ಅವನು ಕೇಳಿದ್ದು ಇಷ್ಟೇ: "ಅಣ್ಣಾ, ಫೈನಲ್ ಇಯರ್ ಮುಗಿದ ಮೇಲೆ ಆಡೋಕೆ ಜಾಗ ಎಲ್ಲಿ? ಹಿಂದಿನವರು ಹೊಟ್ಟೆಪಾಡಿಗೆ ಏನ್ ಮಾಡ್ತಿದ್ರು?" ಮೊದಲನೇ ಪ್ರಶ್ನೆಗೆ ಉತ್ತರ ಎರಡನೇದರಲ್ಲೇ ಇದೆ ಅಂತ ನನಗನ್ನಿಸ್ತು. ಆಮೇಲೆ ಬರ್ತೀನಿ ಅಲ್ಲಿಗೆ.

ಮೊದಲು 1946-47ರ ಋತು. ಸಂತೋಷ್ ಟ್ರೋಫಿ ಶುರುವಾಗಿದ್ದು 1941ರಲ್ಲಿ. ಈಗ ಬಾಂಗ್ಲಾದೇಶಕ್ಕೆ ಸೇರಿರೋ ಸಂತೋಷ್ ಅನ್ನೋ ಜಮೀನುದಾರಿಯ ಮಹಾರಾಜರ ಹೆಸರಲ್ಲಿ. ನಮ್ಮ ಪಕ್ಕದ ಮನೆ ಸಂತೋಷನಿಗೂ ಇದಕ್ಕೂ ಸಂಬಂಧ ಇಲ್ಲ, ಕಾಲೇಜಿಗೆ ಹೋಗೋವರೆಗೂ ನಾನು ಸಂತೋಷಕ್ಕೆ ಆಡೋ ಟ್ರೋಫಿ ಅಂತಲೇ ಅಂದ್ಕೊಂಡಿದ್ದೆ. ಮೊದಲ ಸಲ ಬಂಗಾಳ ಗೆದ್ದಿತು. ಯುದ್ಧದ ಕಾಲ ಆದ್ದರಿಂದ ಮಧ್ಯೆ ಕೆಲವು ವರ್ಷ ನಡೆಯಲಿಲ್ಲ. ಮೈಸೂರಿನ ಸರದಿ ಬಂದದ್ದು ಬೆಂಗಳೂರಲ್ಲಿ ಟೂರ್ನಿ ನಡೆದಾಗ. ಫೈನಲ್ ಮೊದಲ ದಿನ 0-0. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ, ಸಮ ಆದರೆ ಇನ್ನೊಂದು ದಿನ ಮತ್ತೆ ಆಡಬೇಕು. ಎರಡನೇ ಸಲ ಮೈಸೂರು 2-1ರಿಂದ ಗೆದ್ದಿತು.

ಇಲ್ಲೊಂದು ವಿಚಿತ್ರ ಗಮನಿಸಿ. ಆ ಹೊತ್ತಿಗೆ ಬೆಂಗಳೂರು ಎರಡು ಊರು. ಪೇಟೆ ಭಾಗ ಮೈಸೂರು ಮಹಾರಾಜರದ್ದು. ದಂಡು ಪ್ರದೇಶ, ನಾವು ಕಂಟೋನ್ಮೆಂಟ್ ಅಂತೀವಲ್ಲ, ಅದು ಬ್ರಿಟಿಷರ ಆಡಳಿತದಲ್ಲಿತ್ತು. ಅದನ್ನ ಮೈಸೂರಿಗೆ ವಾಪಸ್ ಕೊಟ್ಟಿದ್ದು 1947ರ ಜುಲೈ 26ಕ್ಕೆ, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ. ಮೈಸೂರು ಸೀಮೆಯ ಫುಟ್‌ಬಾಲ್ ಬೆಳೆದದ್ದು ಹೆಚ್ಚಾಗಿ ಈ ದಂಡಿನಲ್ಲೇ. ಸಿಪಾಯಿಗಳ ಪಡೆಗಳು ಅಲ್ಲಿ ಆಡ್ತಿದ್ವು. ಬೂಟು ಹಾಕಿದ ಸಿಪಾಯಿಗಳ ಆಟ ನೋಡಿ, ಬೂಟಿಲ್ಲದ ಹಲಸೂರು ಆಸುಪಾಸಿನ ಹುಡುಗರು ಕಲಿತರು. ಮನೆಯಲ್ಲಿ ತಮಿಳು, ಉರ್ದು, ಇಂಗ್ಲಿಷ್ ಮಾತಾಡೋ ಮಕ್ಕಳು. ಅವರಾಡಿದ್ದು ಮೈಸೂರಿಗೆ, ಕಪ್ ಬಂದದ್ದೂ ಮೈಸೂರಿಗೆ. ನಮ್ಮ ಕ್ರೀಡಾ ಚರಿತ್ರೆಯಲ್ಲಿ ಇವರ ಹೆಸರು ಮಸುಕಾಗಿರೋದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನೋದು ನನ್ನ ಅನುಮಾನ. ಕನ್ನಡದ ಪತ್ರಿಕೆ, ಕನ್ನಡದ ಪಠ್ಯಪುಸ್ತಕ ದಂಡಿನ ಗಲ್ಲಿಗಳಿಗೆ ಅಷ್ಟಾಗಿ ಇಳಿಯಲೇ ಇಲ್ಲ.

1946ರಲ್ಲಿ ಇದೆಲ್ಲ ಆಕಾಶದಿಂದ ಉದುರಿದ್ದಲ್ಲ. ಬಾಂಬೆಯಲ್ಲಿ 1891ರಿಂದ ರೋವರ್ಸ್ ಕಪ್ ಅಂತ ನಡೀತಿತ್ತು. ವರ್ಷ ವರ್ಷ ಗೋರಾ ರೆಜಿಮೆಂಟುಗಳೇ ಗೆಲ್ತಿದ್ವು. ಅದನ್ನ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು ಗೊತ್ತಾ? ಮೋಹನ್ ಬಾಗಾನ್ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಆಗ ಕಲ್ಕತ್ತ ಲೀಗನ್ನ ವರ್ಷಾನುಗಟ್ಟಲೆ ಆಳ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನ. ಮರುವರ್ಷ ಮತ್ತೆ ಗೆದ್ದರು. ಹತ್ತು ವರ್ಷ ಬಿಟ್ಟು 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಮೂರನೇ ಸಲ.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಅಲ್ಲೇ, ಜುಲೈ 31ರಂದು, ಇಲ್ಫೋರ್ಡ್‌ನ ಮೈದಾನದಲ್ಲಿ, ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಬಹುತೇಕರ ಕಾಲಲ್ಲಿ ಬೂಟಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೀತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ವು, ಎರಡೂ ವ್ಯರ್ಥ. ಎಪ್ಪತ್ತನೇ ನಿಮಿಷದಲ್ಲಿ ಸಮ ಮಾಡಿದವರು ಸಾರಂಗಪಾಣಿ ರಾಮನ್, ಮೈಸೂರಿನ ಆಟಗಾರ. ಸ್ವತಂತ್ರ ಭಾರತದ ಮೊದಲ ಗೋಲು ಅದು. ಆಟ ಮುಗಿಯೋಕೆ ಒಂದು ನಿಮಿಷ ಇರುವಾಗ ಫ್ರಾನ್ಸ್ ಮತ್ತೊಂದು ಹೊಡೆದು 2-1ರಿಂದ ಗೆದ್ದಿತು. ಕ್ರಿಕೆಟ್‌ನಲ್ಲಿ ಯಾರೋ ಮೊದಲ ರನ್ ಹೊಡೆದಿದ್ದನ್ನ ಕ್ವಿಜ್‌ನಲ್ಲಿ ಕೇಳ್ತಾರೆ, ರಾಮನ್ ಹೆಸರು ಯಾವ ಕ್ವಿಜ್‌ನಲ್ಲೂ ನಾನು ಕೇಳಿಲ್ಲ.

ಆ ತಂಡದ ನಾಯಕ ತಾಲಿಮೆರೆನ್ ಆವೊ. ನಾಗಾ ಹುಡುಗ, ಆಗಿನ್ನೂ ಕಲ್ಕತ್ತದಲ್ಲಿ ಮೆಡಿಕಲ್ ವಿದ್ಯಾರ್ಥಿ, ಮೋಹನ್ ಬಾಗಾನ್ ಆಟಗಾರ. ಓದು ಮುಗಿಸಿ, ಆಟ ಬಿಟ್ಟು, ತನ್ನ ಊರಿನ ಕಡೆ ಹೋಗಿ ಡಾಕ್ಟರಾಗಿ ಬದುಕಿದರು. ನಮ್ಮ ಭದ್ರಾವತಿ ಹುಡುಗನ ಪ್ರಶ್ನೆಗೆ ಆ ಕಾಲದ ಒಂದು ಉತ್ತರ ಇದು: ದೇಶದ ಕ್ಯಾಪ್ಟನ್ ಆದರೂ ಡಿಗ್ರಿ ಬಿಡಬೇಡ.

ಎಲ್ಲರ ಹತ್ತಿರ ಎಂ.ಬಿ.ಬಿ.ಎಸ್. ಇರಲಿಲ್ಲವಲ್ಲ. ಉಳಿದವರು ಏನ್ ಮಾಡಿದ್ರು? ಇನ್ನು ದುಡ್ಡಿನ ವಿಷಯಕ್ಕೆ ಬರೋಣ.

ಕಾಗದದ ಮೇಲೆ ಭಾರತದ ಫುಟ್‌ಬಾಲ್ ಆಗ ಪೂರ್ತಿ ಹವ್ಯಾಸಿ. ಆಟಕ್ಕೆ ಸಂಬಳ ತಗೊಳ್ಳೋ ಹಾಗಿಲ್ಲ, ತಗೊಂಡ್ರೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತು. ಹಾಗಂತ ಹವ್ಯಾಸದಿಂದ ಹೊಟ್ಟೆ ತುಂಬಲ್ಲ. ಅದಕ್ಕೆ ದೇಶ ಕಂಡುಕೊಂಡ ದಾರಿ ಕೆಲಸ. ಆಟಗಾರನಿಗೆ ದುಡ್ಡು ಕೊಡಬೇಡಿ, ನೌಕರಿ ಕೊಡಿ. ಹೈದರಾಬಾದ್‌ನಲ್ಲಿ ಪೊಲೀಸ್ ಇಲಾಖೆ ಹಾಗೆ ಮಾಡಿತು. ರಹೀಮ್ ಸಾಹೇಬರು ಆ ಪೊಲೀಸ್ ತಂಡವನ್ನ ಎಂಥ ಎತ್ತರಕ್ಕೆ ಒಯ್ದರು ಅಂದ್ರೆ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಅವರದೇ. ಬೇರೆ ಕಡೆ ರೈಲ್ವೆ, ಬಂದರು, ಸೇನೆ. ನಮ್ಮಲ್ಲಿ ಬೆಂಗಳೂರಿನ ಕಾರ್ಖಾನೆಗಳು. ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ, ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ. ಫುಟ್‌ಬಾಲ್ ಆಡೋ ಹುಡುಗನಿಗೆ ಕ್ಲಾರ್ಕೋ ಹೆಲ್ಪರೋ ಅಂತ ಆರ್ಡರ್ ಕೈಗೆ ಬಂತು ಅಂದ್ರೆ ಅವನ ಮನೆ ನಿಂತಿತು. ಮಧ್ಯಾಹ್ನ ಪ್ರಾಕ್ಟೀಸಿಗೆ ಬಿಡುಗಡೆ, ತಿಂಗಳ ಸಂಬಳ, ಪಿ.ಎಫ್., ಕ್ವಾರ್ಟರ್ಸ್ ಸಿಕ್ಕರೆ ಪುಣ್ಯ. ಮೂವತ್ತೈದಕ್ಕೆ ಮೊಣಕಾಲು ಹೋದರೂ ಕೆಲಸ ಉಳಿಯುತ್ತೆ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಅಲ್ಲಿ ಫುಟ್‌ಬಾಲಿಗೆ ಸ್ವಂತ ಆದಾಯ ಇರಲಿಲ್ಲ, ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಅದೊಂದು ಸಾಲು. ಕಂಪನಿ ಚೆನ್ನಾಗಿದ್ದಾಗ ಆ ಸಾಲನ್ನ ಯಾರೂ ನೋಡಲ್ಲ.

ಕಲ್ಕತ್ತದ ಲೆಕ್ಕ ಬೇರೆ. ಅಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್‌ಗೆ ಸಾವಿರಾರು ಸದಸ್ಯರು, ಚಂದಾ, ಟಿಕೆಟ್, ಹುಚ್ಚು ಜನ. ಹೆಸರಿಗೆ ಹವ್ಯಾಸಿ ಆದರೂ ಆಟಗಾರನಿಗೆ ಕೆಲಸ, ವಾಸಕ್ಕೆ ಜಾಗ, ಕೈಖರ್ಚು ಹೊಂದಿಸಿಕೊಡೋ ಶಕ್ತಿ ಆ ಕ್ಲಬ್‌ಗಳಿಗಿತ್ತು. ಜೊತೆಗೆ ಹೆಸರು. ಬೀದಿಯಲ್ಲಿ ಗುರುತು ಹಿಡಿದು ಚಹಾ ಕುಡಿಸೋ ಜನ ಇರೋ ಊರಿಗೆ ಯಾವ ಆಟಗಾರ ಹೋಗಲ್ಲ?

ಅಹ್ಮದ್ ಖಾನ್ ಹೋದರು. ಬೆಂಗಳೂರಿನ ಹುಡುಗ, 1948ರಲ್ಲಿ ಇಲ್ಫೋರ್ಡ್‌ನಲ್ಲಿ ಆಡಿದವರು. ಚೆಂಡು ಅವರ ಬರಿಗಾಲಿಗೆ ಅಂಟಿದಂತೆ ಇರ್ತಿತ್ತು ಅಂತ, ಹಾವಾಡಿಗ ಅನ್ನೋ ಅಡ್ಡಹೆಸರು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಈ ಐದು ಜನ ಫಾರ್ವರ್ಡ್‌ಗಳಿಗೆ ಬಂಗಾಳದ ಜನ ಇಟ್ಟ ಹೆಸರು ಪಂಚ ಪಾಂಡವರು. ಐದೂ ಜನ ದಕ್ಷಿಣದವರು! 1949, 1950, 1951, ಮೂರು ವರ್ಷವೂ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲಿನದು. ಬಂಗಾಳಿಗಳ ಹೆಮ್ಮೆಯ ಕಾಲ ಅಂತ ಈಗಲೂ ಹಾಡಿ ಹೊಗಳೋ ಆ ಋತುಗಳಲ್ಲಿ ಗೋಲು ಹೊಡೆದವರ ಊರು ಕೃಷ್ಣೆ, ಕಾವೇರಿ ಕಡೆಯದು.

ಅವರ ನಂತರ ಕೆಂಪಯ್ಯ. 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿದ್ದವರು, ಮೋಹನ್ ಬಾಗಾನ್‌ನಲ್ಲಿ ಹೆಸರು ಮಾಡಿದರು. ಆಮೇಲೆ ಅರುಮೈನಾಯಗಂ, 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದವರು, ಅವರೂ ಮೋಹನ್ ಬಾಗಾನ್. 1970ರ ದಶಕದಲ್ಲಿ ಉಲಗನಾಥನ್. ದಂಡಿನ ಗಲ್ಲಿಯಿಂದ ಹೌರಾ ರೈಲು ಹತ್ತಿದವರ ಸಾಲು ಉದ್ದ ಇದೆ.

ಈಗ ಮೊದಲು ಹೇಳಿದ ಲೆಕ್ಕಕ್ಕೆ ಇನ್ನೊಂದು ಅರ್ಥ ಬಂತು ನೋಡಿ. ಸಂತೋಷ್ ಟ್ರೋಫಿಯಲ್ಲಿ ಹುಟ್ಟಿದ ಊರು ಲೆಕ್ಕಕ್ಕಿಲ್ಲ. ಯಾವ ರಾಜ್ಯದ ಕ್ಲಬ್‌ನಲ್ಲಿ ನೋಂದಣಿಯೋ ಆ ರಾಜ್ಯಕ್ಕೆ ಆಡಬೇಕು. ಮೈಸೂರು ತನ್ನ ಒಳ್ಳೇ ಆಟಗಾರರನ್ನ ತಯಾರು ಮಾಡುತ್ತೆ, ಕಲ್ಕತ್ತ ಕರ್ಕೊಂಡು ಹೋಗುತ್ತೆ, ಫೈನಲ್‌ನಲ್ಲಿ ಉಳಿದವರನ್ನ ಕಟ್ಕೊಂಡು ಮೈಸೂರು ಅದೇ ಬಂಗಾಳದ ಎದುರು ನಿಲ್ಲುತ್ತೆ. ಆಗ ವರ್ಗಾವಣೆ ಶುಲ್ಕ ಅನ್ನೋದೂ ಇಲ್ಲ. ಬೆಳೆಸಿದ ಖರ್ಚು ನಮ್ಮದು, ಲಾಭ ಅವರದು. ಇಷ್ಟಾದರೂ 1952-53ರಲ್ಲಿ ಬೆಂಗಳೂರಲ್ಲಿ 1-0ರಿಂದ ಗೆದ್ದೆವು. ಮರುವರ್ಷ ಕಲ್ಕತ್ತದಲ್ಲೇ ಹೋಗಿ ಒಂದು ದಿನ 0-0 ಹಿಡಿದು ನಿಲ್ಲಿಸಿ, ಮರುಪಂದ್ಯದಲ್ಲಿ 1-3ರಿಂದ ಸೋತೆವು. ನನ್ನ ಕಣ್ಣಲ್ಲಿ ಆ 0-0 ಯಾವ ಕಪ್ಪಿಗೂ ಕಮ್ಮಿ ಇಲ್ಲ.

ಬೂಟಿನ ವಿಷಯ ಬಹಳ ಜನ ಕೇಳ್ತೀರಿ, ಬೇಗ ಹೇಳಿ ಮುಗಿಸ್ತೀನಿ. ಬರಿಗಾಲು ಬಡತನದ ಗುರುತು ಮಾತ್ರ ಅಲ್ಲ, ಒಣ ನೆಲದಲ್ಲಿ ಚೆಂಡಿನ ಮೇಲೆ ಹಿಡಿತ ಸಿಗೋದು ಅದರಲ್ಲೇ ಅಂತ ಆಟಗಾರರೇ ನಂಬಿದ್ದರು. ಬೂಟಿಲ್ಲ ಅಂತ 1950ರ ವಿಶ್ವಕಪ್‌ಗೆ ಸೇರಿಸಲಿಲ್ಲ ಅನ್ನೋ ಕಥೆ ವಾಟ್ಸಾಪ್‌ನಲ್ಲಿ ಇನ್ನೂ ಓಡ್ತಿದೆ. ಅದು ನಿಜವಲ್ಲ, ನಮ್ಮ ಫೆಡರೇಶನ್ನೇ ತಂಡದ ಆಯ್ಕೆಯ ಜಗಳ, ತಯಾರಿಗೆ ಸಮಯ ಇಲ್ಲ ಅಂತ ಹೇಳಿ ಹಿಂದೆ ಸರಿಯಿತು. ಒಲಿಂಪಿಕ್ಸೇ ದೊಡ್ಡದು ಅನ್ನೋ ಕಾಲ ಅದು. ಬರಿಗಾಲಿಗೆ ಬಿಲ್ ಬಂದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಚಳಿ, ಒದ್ದೆ ಹುಲ್ಲು, ಎದುರಿಗೆ ಯುಗೊಸ್ಲಾವಿಯ. 10-1ರ ಸೋಲು. ಆ ಒಂದು ಗೋಲು ಅಹ್ಮದ್ ಖಾನ್‌ರದ್ದು. ಅದಾದ ಮೇಲೆ ಬೂಟು ಕಡ್ಡಾಯ ಆಯ್ತು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು.

ಸರಿ, ಕಾಲೇಜು ಎಲ್ಲಿ ಬಂತು ಇದರಲ್ಲಿ? ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಶುರುವಾಗಿದ್ದು 1940ರಲ್ಲಿ. ಆಗ ಇಲ್ಲಿಯ ಓದು, ಪರೀಕ್ಷೆ ಎಲ್ಲಾ ಮೈಸೂರು ವಿಶ್ವವಿದ್ಯಾಲಯದ ಕೆಳಗೆ, ಕುವೆಂಪು ವಿಶ್ವವಿದ್ಯಾಲಯ ಬಂದದ್ದು 1987ರಲ್ಲಿ. ನಮ್ಮ ದೇಶದಲ್ಲಿ ಕಾಲೇಜು ಟೀಮು ಅಂದ್ರೆ ಎರಡು ಮೂರು ವರ್ಷದ ಮಾತು. ಜರ್ಸಿ ಕೊಡ್ತಾರೆ, ಬಸ್ ಚಾರ್ಜ್ ಕೊಡ್ತಾರೆ, ಹಾಜರಾತಿ ಕೊಡ್ತಾರೆ, ಗೆದ್ದರೆ ಪ್ರಾರ್ಥನೆ ಹೊತ್ತಲ್ಲಿ ಚಪ್ಪಾಳೆ. ಡಿಗ್ರಿ ಮುಗಿದ ದಿನ ಜರ್ಸಿ ವಾಪಸ್. ಕಾಲೇಜಿಗೆ ಅದರಿಂದ ಆದಾಯವೂ ಇಲ್ಲ, ನಷ್ಟವೂ ಇಲ್ಲ.

ಕಾಲೇಜು ತಂಡವೇ ದುಡ್ಡು ದುಡಿಯೋ ಹಾಗಿದ್ದರೆ ಚೆನ್ನಾಗಿರ್ತಿತ್ತಾ? ಅಮೆರಿಕದಲ್ಲಿ ಹಾಗೇ ಇದೆ. ಅಲ್ಲಿಯ ಫುಟ್‌ಬಾಲ್ ಬೇರೆ ಆಟ, ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡೋದು, ಆದರೆ ಲೆಕ್ಕ ನಮಗೆ ಬೇಕಾದದ್ದು. ನಮ್ಮವರು ಎರಡನೇ ಸಲ ಕಪ್ ಗೆಲ್ಲೋಕೆ ಒಂದು ವರ್ಷ ಮೊದಲು, 1951ರಲ್ಲಿ, ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ ತಂಡ ಆಡಿದ ಒಂಬತ್ತೂ ಪಂದ್ಯ ಗೆದ್ದಿತು. ಕಾಲೇಜಿನ ಸಾಲ ತೀರೋಕೆ ದಾರಿ ಒಂದೇ, ವರ್ಷದ ಕೊನೆಗೆ ನಡೆಯೋ ದೊಡ್ಡ 'ಬೌಲ್' ಪಂದ್ಯಕ್ಕೆ ಆಹ್ವಾನ, ಅದರ ಟಿಕೆಟ್ ಪಾಲು. ತಂಡದಲ್ಲಿ ಇಬ್ಬರು ಕಪ್ಪು ಆಟಗಾರರಿದ್ದರು, ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಆ ಇಬ್ಬರನ್ನ ಬಿಟ್ಟು ಬಂದರೆ ದಕ್ಷಿಣದ ಬೌಲ್‌ಗೆ ಕರೀತಾರೆ ಅಂತ ಮಾತು ಬಂತು. ಉಳಿದ ಹುಡುಗರು ಬರಲ್ಲ ಅಂದರು. ಆಹ್ವಾನ ಬರಲಿಲ್ಲ. ಫುಟ್‌ಬಾಲಿನ ಬಾಬ್ತು ಸುಮಾರು 70,000 ಡಾಲರ್ ನಷ್ಟದಲ್ಲಿದ್ದ ಕಾಲೇಜು ಆ ಋತು ಮುಗಿದ ಮೇಲೆ ತಂಡವನ್ನೇ ಮುಚ್ಚಿಬಿಟ್ಟಿತು. ಮ್ಯಾಟ್ಸನ್ ಮರುವರ್ಷ ಅದೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಓಟದಲ್ಲಿ ಎರಡು ಪದಕ ಗೆದ್ದರು. ಟೋಲರ್ ಶಾಲೆಯಲ್ಲಿ ಪ್ರಿನ್ಸಿಪಾಲ್ ಆದರು, 1965ರಲ್ಲಿ ಅಲ್ಲಿಯ ವೃತ್ತಿಪರ ಲೀಗಿನ ಮೊದಲ ಕಪ್ಪು ಪಂದ್ಯಾಧಿಕಾರಿ ಕೂಡ ಆದರು.

ದುಡಿಯೋ ತಂಡಕ್ಕೂ ಒಡೆಯ ಇರ್ತಾನೆ, ಅವನಿಗೂ ಷರತ್ತು ಇರ್ತವೆ. ಆದರೆ ಆ ಹುಡುಗರು ಷರತ್ತಿಗೆ ಬಗ್ಗಲಿಲ್ಲ. ಈ ಋತುವಿನ ಕಥೆ ಓದಿ ಮುಗಿಸಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ನಮ್ಮ ಕಾರ್ಖಾನೆ ತಂಡಗಳ ಕಥೆಗೆ ವಾಪಸ್ ಬರ್ತೀನಿ. ಅವು ಒಂದು ಕಾಲಕ್ಕೆ ಉತ್ತುಂಗಕ್ಕೆ ಹೋದವು. 1967-68ರಲ್ಲಿ ಕಟಕ್‌ನಲ್ಲಿ, ಮರುವರ್ಷ ಬೆಂಗಳೂರಲ್ಲಿ, ಮೈಸೂರು ಸತತ ಎರಡು ಸಲ ಬಂಗಾಳವನ್ನ ಸೋಲಿಸಿತು. 1977ರಲ್ಲಿ ಕ್ಲಬ್‌ಗಳಿಗೆ ಅಂತ ಫೆಡರೇಶನ್ ಕಪ್ ಶುರುವಾದಾಗ ಮೊದಲ ಕಪ್ ಎತ್ತಿದ್ದು ಐಟಿಐ. ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ಟೆಲಿಫೋನ್ ಮಾಡೋ ಕಾರ್ಖಾನೆಯ ನೌಕರರು ದೇಶದ ಅತಿ ದೊಡ್ಡ ಕ್ಲಬ್ಬನ್ನ ಸೋಲಿಸಿದ್ದು!

1991ರ ನಂತರ ಸರ್ಕಾರಿ ಕಾರ್ಖಾನೆಗಳ ಕೈ ಕಟ್ಟಿತು. ಹೊಸ ನೇಮಕಾತಿ ಇಲ್ಲ ಅಂದ್ರೆ ಹೊಸ ಆಟಗಾರನೂ ಇಲ್ಲ, ಇದ್ದವರಿಗೆ ವಯಸ್ಸಾಯ್ತು. ಎಚ್‌ಎಎಲ್ 2010ರ ನಂತರವೂ ಐ-ಲೀಗ್‌ನಲ್ಲಿ ಸ್ವಲ್ಪ ಕಾಲ ಹೋರಾಡಿತು, ಆಮೇಲೆ ಕೆಳಗಿಳಿಯಿತು. ಖರ್ಚಿನ ಪಟ್ಟಿಯ ಆ ಸಾಲು ಒಬ್ಬರ ಕಣ್ಣಿಗೆ ಬಿದ್ದಿತ್ತು.

ಇದು ಬೆಂಗಳೂರಿನ ಮಾತು ಮಾತ್ರ ಅಲ್ಲ, ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಈ ಎರಡರ ಸೈರನ್ನಿಗೆ ಊರು ಏಳ್ತಿತ್ತು, ಮಲಗ್ತಿತ್ತು. ಎಂಪಿಎಂ ಯಂತ್ರಗಳು ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುತ್ತೀವಿ ಅಂತ ಸೇಲ್ 2023ರ ಜನವರಿಯಲ್ಲಿ ಹೇಳಿದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಾರ್ಖಾನೆ ಊರಲ್ಲಿ ಆಟ, ನಾಟಕ, ಗಣಪತಿ, ಆಸ್ಪತ್ರೆ ಎಲ್ಲಾ ಅದೇ ಒಂದು ಖಾತೆಯಿಂದ ನಡೆಯುತ್ತೆ. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಅಂತ ಭದ್ರಾವತಿಗೆ ಕ್ರಿಕೆಟ್‌ನಲ್ಲಿ ಒಂದು ಹೆಸರಿದೆ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಸಂಜೆ ಶಿಫ್ಟ್ ಮುಗಿಸಿ ಚೆಂಡು ಒದ್ದವರ ನೆನಪಿಗೆ ಆ ಭದ್ರತೆ ಇಲ್ಲ.

ಇನ್ನು ಹುಡುಗನ ಪ್ರಶ್ನೆ. ತಮ್ಮಾ, ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆಗಿನವರಿಗೆ ಇದ್ದದ್ದು ಎರಡು ದಾರಿ: ಕಾರ್ಖಾನೆ ಗೇಟು ಅಥವಾ ಹೌರಾ ರೈಲು. ಮೊದಲನೇ ಗೇಟು ಮುಕ್ಕಾಲು ಮುಚ್ಚಿದೆ, ಪೂರ್ತಿ ಅಲ್ಲ. ರೈಲ್ವೆ, ಅಂಚೆ, ಪೊಲೀಸ್, ಸೇನೆಯಲ್ಲಿ ಸ್ಪೋರ್ಟ್ಸ್ ಕೋಟಾ ಇನ್ನೂ ಇದೆ. ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಅಲ್ಲಿ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಕಾಲೇಜು ಟೀಮ್ ಬಿಡಬೇಡ. ಪ್ರತಿ ಪಂದ್ಯದ ಕಾಗದ ಜೋಪಾನ ಮಾಡು. ಎರಡನೇ ದಾರಿಗೆ ಈಗ ಹೌರಾವರೆಗೆ ಹೋಗಬೇಕಾಗಿಲ್ಲ. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್ ಕೂಡ. ಆಟಕ್ಕೇ ಸಂಬಳ ಕೊಡೋ ಕ್ಲಬ್ ಅದು. ಆದರೆ ಅಂಥ ಕ್ಲಬ್‌ಗಳು ಹುಡುಗರನ್ನ ಹದಿಮೂರು ಹದಿನಾಲ್ಕಕ್ಕೇ ಆರಿಸ್ಕೊಳ್ತವೆ, ಇಪ್ಪತ್ತೊಂದಕ್ಕೆ ಬಾಗಿಲು ತಟ್ಟಿದ್ರೆ ತೆಗೆಯೋದು ಕಷ್ಟ. ನಿನಗಿಂತ ನಿನ್ನ ಪಕ್ಕದ ಮನೆ ಎಂಟನೇ ಕ್ಲಾಸಿನವನಿಗೆ ಇದು ಮುಖ್ಯ ಸುದ್ದಿ. ನೀನು ಡಿಗ್ರಿ ಮುಗಿಸು, ಕೋಟಾ ನೋಟಿಫಿಕೇಶನ್ ನೋಡ್ತಾ ಇರು, ಕೋಚಿಂಗ್ ಲೈಸೆನ್ಸ್ ಬಗ್ಗೆ ಒಮ್ಮೆ ವಿಚಾರಿಸು.

ಅಂದ ಹಾಗೆ ಕಪ್ ಮತ್ತೆ ಬಂತು. 1968-69ರ ನಂತರ 54 ವರ್ಷ ಕಾದು, 2023ರ ಮಾರ್ಚ್ 4ರಂದು ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ, 3-2, ಎದುರಿಗೆ ಮೇಘಾಲಯ. ಈ ಸಲ ಬಂಗಾಳ ಇರಲಿಲ್ಲ.

ಮುಂದಿನ ಸಂಚಿಕೆಗೆ ಒಂದು ಕೋರಿಕೆ. ಭದ್ರಾವತಿಯ ಕಾರ್ಖಾನೆ ತಂಡ, ಶಿವಮೊಗ್ಗದ ಕಾಲೇಜು ತಂಡಗಳ 1950, 60ರ ದಶಕದ ಗ್ರೂಪ್ ಫೋಟೋ ನಿಮ್ಮ ಮನೆ ಗೋಡೆ ಮೇಲೋ ಟ್ರಂಕಿನಲ್ಲೋ ಇದ್ದರೆ, ನಿಂತವರು ಯಾರು, ಕೂತವರು ಯಾರು ಅಂತ ಮನೆಯ ಹಿರಿಯರನ್ನ ಕೇಳಿ ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆದು, ಫೋಟೋ ತೆಗೆದು ಕಳಿಸಿ. ಪೆನ್ ಬೇಡ, ಇಂಕು ಮುಂದಕ್ಕೆ ಇಳಿಯುತ್ತೆ.